ಕತ್ತರಿಯ ಬಡಿತವನ್ನು ಹುಡುಗಾಟವೆಂದ ಕಚೇರಿಗೆ

ತುರ್ತು ಕರೆ ಕೇಂದ್ರದ ಮಾನ್ಯ ಮುಖ್ಯಸ್ಥರೇ,

ನನ್ನ ಅಕ್ಕನ ಮೊಬೈಲಿಗೆ ತಾವು ಕಳಿಸಿದ ಎಚ್ಚರಿಕೆ ತಲುಪಿದೆ. 'ತುರ್ತು ಸಂಖ್ಯೆಗೆ ಹುಡುಗಾಟದ ಕರೆ ಮಾಡಿದ್ದೀರಿ. ಮರುಕಳಿಸಿದರೆ ನಿಮ್ಮ ಸಂಖ್ಯೆಯನ್ನು ನಿರ್ಬಂಧಿಸಲಾಗುವುದು.' ಭಾವನ ದೇಹವನ್ನು ಆಸ್ಪತ್ರೆಯಿಂದ ಮನೆಗೆ ತಂದು ಮಲಗಿಸುವ ಹೊತ್ತಿಗೆ ಸರಿಯಾಗಿ ಬಂತು. ತಮ್ಮ ಕಚೇರಿ ತಡಮಾಡುತ್ತದೆ ಎಂದು ಇನ್ನು ಯಾರೂ ದೂರುವಂತಿಲ್ಲ.

ಆ ಹುಡುಗಾಟ ನಡೆದದ್ದು ಹೀಗೆ. ಅಕ್ಕ ಮತ್ತು ಭಾವ ಸೇರಿ ನಡೆಸುತ್ತಿದ್ದದ್ದು ಹೊಲಿಗೆ ಅಂಗಡಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅಕ್ಕನಿಗೆ ದನಿಯಿಲ್ಲ. ಯಾರನ್ನಾದರೂ ಕರೆಯಬೇಕಾದರೆ ಕತ್ತರಿಯ ಹಿಡಿಯಿಂದ ಬಡಿಯುತ್ತಾಳೆ: ಎರಡು ಸಲ ಬಡಿದರೆ 'ಬಾ', ಮೂರು ಸಲ ಬಡಿದರೆ 'ಓಡಿ ಬಾ'. ಗಿರಾಕಿಗಳ ಫೋನು ಬಂದರೆ ಮಾತಾಡುತ್ತಿದ್ದವರು ಭಾವ. "ನಿಮ್ಮಕ್ಕನ ಪಾಲಿನ ಮಾತೂ ನಂಗೇ ಬಂತಲ್ಲಯ್ಯ, ಇನ್ನು ನನ್ನ ಬಾಯಿ ಮುಚ್ಸೋರು ಯಾರು?" ಎಂದು ನಗುತ್ತಿದ್ದರು. ಅವತ್ತು ಮಧ್ಯಾಹ್ನ ಬಟ್ಟೆ ಕತ್ತರಿಸುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಅಕ್ಕ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುರ್ತು ಕರೆಯ ಗುಂಡಿ ಒತ್ತಿದಳು. 'ಒಂದು ಕರೆ ಸಾಕು, ನೀವಿರುವ ಜಾಗ ನಮ್ಮ ಪರದೆಯ ಮೇಲೆ ತಾನಾಗಿ ಮೂಡುತ್ತದೆ' ಎಂದು ಬಸ್ಸುಗಳ ಹಿಂದೆಲ್ಲ ಬರೆಸಿದ್ದೀರಲ್ಲ, ಅದನ್ನು ಪಾಪ ನಂಬಿದ್ದಳು.

ಆ ಫೋನಿನಲ್ಲಿ ಕರೆಗಳೆಲ್ಲ ತಾವಾಗಿ ರೆಕಾರ್ಡ್ ಆಗುತ್ತವೆ. ಗಿರಾಕಿಗಳು ಹೇಳಿದ ಅಳತೆ ಮರೆಯದಿರಲೆಂದು ಭಾವನೇ ಮಾಡಿಟ್ಟ ಏರ್ಪಾಡು. ಹಾಗಾಗಿ ತಮ್ಮ ಸಿಬ್ಬಂದಿಯ ಸವಿನುಡಿ ನನ್ನ ಬಳಿ ಭದ್ರವಾಗಿದೆ.

"ಹಲೋ, ಏನಾಗಿದೆ ಹೇಳಿ." ಟಕ್ ಟಕ್ ಟಕ್. "ಹಲೋ? ಮಾತಾಡ್ರೀ!" ಟಕ್ ಟಕ್ ಟಕ್. ಆಮೇಲೆ ಕೀಪ್ಯಾಡಿನ ಕುಂಯ್ ಕುಂಯ್. ದಿಕ್ಕು ತೋಚದೆ ಅಕ್ಕ ಬೆರಳಿಗೆ ಸಿಕ್ಕ ಅಂಕಿಗಳನ್ನೆಲ್ಲ ಒತ್ತಿದ್ದಾಳೆ. "ಯಾರೋ ಮಗು ಕೈಗೆ ಫೋನ್ ಕೊಟ್ಟು ಕೂತಿದಾರೆ ಕಣೇ" ಎಂದು ಪಕ್ಕದವಳಿಗೆ ಹೇಳಿ, ನಕ್ಕು, ಕರೆ ಕಡಿದರು. ಅಕ್ಕ ಮತ್ತೆ ಮಾಡಿದಳು. ಈ ಸಲ ಹೋಲ್ಡಿನಲ್ಲಿಟ್ಟು ಸಂಗೀತ ಕೇಳಿಸಿದರು. ಕೊನೆಗೆ ಗಂಡನ ತಲೆಯನ್ನು ನೆಲಕ್ಕಿಳಿಸಿ, ಹೊರಗೋಡಿ, ಎದುರಿನ ಕ್ಷೌರದಂಗಡಿಯವನನ್ನು ತೋಳು ಹಿಡಿದು ಎಳೆತಂದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜಾಗ ತಮ್ಮ ಪರದೆಯ ಮೇಲೆ ಮೂಡಿತ್ತಲ್ಲವೇ? ಮತ್ತೆ ಭಾಷಣ ಏಕೆ ಬೇಕಿತ್ತು? ಉಸಿರು ಕಟ್ಟಿದವರು, ಕಳ್ಳನಿಗೆ ಹೆದರಿ ಮಂಚದಡಿ ಅಡಗಿದವರು ಮೊದಲು ಸ್ಪಷ್ಟ ಉಚ್ಚಾರದಲ್ಲಿ ತಮಗೆ ಮನವಿ ಸಲ್ಲಿಸಬೇಕೇ? ಬಾಯಿದ್ದವರಿಗೆ ಮಾತ್ರ ಬರುವಂತೆ ಅಪಾಯಕ್ಕೂ ಒಂದು ಸುತ್ತೋಲೆ ಹೊರಡಿಸಿಬಿಡಿ, ತಮ್ಮ ಕೆಲಸ ಹಗುರಾದೀತು. ಹೊಟ್ಟೆ ಉರಿದು ಬರೆಯುತ್ತಿದ್ದೇನೆ, ಮಾನ್ಯರೇ.

ದನಿ ಕೇಳದಿದ್ದರೆ 'ಮಾತಾಡಲು ಆಗದಿದ್ದರೆ ಒಂದನ್ನು ಒತ್ತಿ' ಎಂದು ಹೇಳಿಸಿ. ಒತ್ತಿದವರಿರುವಲ್ಲಿಗೆ ಆಂಬುಲೆನ್ಸ್ ಕಳಿಸಿ. ಅಕ್ಕನ ಸಂಖ್ಯೆಗೆ ಅಂಟಿಸಿದ 'ಹುಡುಗಾಟ'ವನ್ನು ಕಿತ್ತುಹಾಕಿ. ಅವಳ ಪರವಾಗಿ ಮಾತಾಡುತ್ತಿದ್ದವರು ಈಗಿಲ್ಲ, ನಾಳೆ ಅವಳಿಗೇ ಏನಾದರೂ ಆದರೆ ಇರುವುದು ಆ ಗುಂಡಿಯೊಂದೇ.

ಇನ್ನೊಂದು ಬಾಕಿಯಿದೆ. ನಿನ್ನೆ ಆ ರೆಕಾರ್ಡನ್ನು ಅಕ್ಕನೂ ಕೇಳಿದಳು. ಕೇಳಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಳು: 'ಇನ್ನೂ ಜೋರಾಗಿ ಬಡೀಬೇಕಿತ್ತೇನೋ.' ಹಾಗಲ್ಲ ಎಂದು ನಾನು ಹೇಳಿದರೆ ನಂಬುತ್ತಿಲ್ಲ. ತಾವು ಬಂದು ಹೇಳಿ.

ಇಂತಿ,
ತಮ್ಮವರು ನಕ್ಕು ಕಡಿದ ಆ 'ಮಗು'ವಿನ ತಮ್ಮ