ಹೊಳೆಯಾಚೆಯ ಫೋನಿನವರು

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಮ್ಮ ಟೆಲಿಫೋನ್ ಕಾರ್ಖಾನೆಯೂ ಹೊಳೆಯಾಚೆಯದೂ ಸೇರಿ ಒಂದೇ ಕಂಪನಿಯಾದ ಮೇಲೆ ನೀವು ಮುನಿಸಿಕೊಂಡು ಈ ಕಡೆ ತಲೆ ಹಾಕಿಲ್ಲ. ಇಲ್ಲಿನ ಕೆಲಸದಿಂದ ನಿವೃತ್ತರಾದರೂ ನಿಮ್ಮ ಹಟಕ್ಕೆ ನಿವೃತ್ತಿ ಇಲ್ಲ. ಹಳಬರೆಲ್ಲ ನಿಮ್ಮನ್ನು ಕೇಳುತ್ತಿರುತ್ತಾರೆ.

ಆಚೆಯಿಂದ ಬಂದವರೊಬ್ಬರು ನನ್ನ ಪಕ್ಕದ ಮೇಜಿನಲ್ಲಿ ಫೋನಿನ ಗಂಟೆ ಪರೀಕ್ಷಿಸುತ್ತಾರೆ. ಮೊದಲ ದಿನವೇ ನಾನು, "ನಿಮ್ಮ ಫೋನನ್ನ ನಮ್ಮಪ್ಪ ಡಬ್ಬ ಅಂತಿದ್ರು" ಎಂದೆ. "ನಿಮ್ಮದನ್ನ ನಮ್ಮಮ್ಮನೂ ಹಾಗೇ ಅಂತಿದ್ರು" ಎಂದು ನಕ್ಕರು. ಈಗ ಊಟದ ಡಬ್ಬಿಯನ್ನು ಒಟ್ಟಿಗೇ ಬಿಚ್ಚುತ್ತೇವೆ. ಮದುವೆಯಾಗಬೇಕೆಂದೂ ಇದ್ದೇವೆ. ಭಾನುವಾರ ಅವರನ್ನು ಮನೆಗೆ ಕರೆತರುತ್ತೇನೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಬಿದ್ದು ಬಿದ್ದು ನಕ್ಕಳು. ನಿಮ್ಮ ಹಳೆಯ ರೇಡಿಯೋ ಕಂಪನಿಯನ್ನು ಟೆಲಿಫೋನಿನವರು ಸೇರಿಸಿಕೊಂಡಾಗ ನೀವೂ ಹೀಗೇ ಬಂದವರಂತೆ. ಅಮ್ಮನನ್ನು ಮದುವೆಗೆ ಕೇಳಲು ಹೋದರೆ, ಆಗ ಟೆಲಿಫೋನ್ ಕಾರ್ಖಾನೆಯಲ್ಲಿದ್ದ ಅಜ್ಜ, "ರೇಡಿಯೋದವನಿಗೆ ನನ್ನ ಮಗಳನ್ನ ಕೊಡಲ್ಲ" ಎಂದು ಬಾಗಿಲು ಹಾಕಿಕೊಂಡರಂತೆ. ನೀವು ಸಂಜೆಯವರೆಗೂ ಕದಲದೆ ಮೆಟ್ಟಿಲ ಮೇಲೆ ಕೂತಿದ್ದಿರಂತೆ. ನನಗೆ ಇದನ್ನು ಯಾರೂ ಹೇಳಿಯೇ ಇರಲಿಲ್ಲ.

ಇವರೂ ಕೂರುತ್ತಾರೆ, ಅಪ್ಪ. ಆದರೆ ಇವರಿಗೆ ಬೆನ್ನುನೋವಿದೆ. ದಯವಿಟ್ಟು ಬಾಗಿಲು ಬೇಗ ತೆಗೆಯಿರಿ.

ಇಂತಿ ನಿಮ್ಮ ಮುದ್ದಿನ
ಮಗಳು