ಸ್ಪಿತಿಗೆ ಒಯ್ಯುವ ಕ್ಯಾಮೆರಾ

ಹಡಪಸರ, ಪುಣೆ
೬ ಜೂನ್ ೨೦೨೫

ನನ್ನ ಮುದ್ದು ನೀರೂ,

ಫೋನು ಬಿಟ್ಟು ಅವ್ವ ಪತ್ರ ಯಾಕೆ ಬರೆದಳು ಎಂದು ನಗಬೇಡ. ಎರಡು ಕೋಣೆಯ ಈ ಮನೆಯಲ್ಲಿ ನಾನು ಫೋನು ಎತ್ತಿದರೆ ಸಾಕು, ನಿಮ್ಮಪ್ಪ ಟೀವಿ ಸದ್ದು ಕಡಿಮೆ ಮಾಡಿ ಕಿವಿ ಇತ್ತ ಕೊಡುತ್ತಾರೆ. ಅದಕ್ಕೇ ಅಪ್ಪನ ಕ್ಯಾಮೆರಾ ಬ್ಯಾಗಿನಲ್ಲಿ ಈ ಪತ್ರ. ನಿನ್ನ ಜೊತೆ ಹೊರಟಿರುವ ಶರ್ವರಿ ಸಂಜೆ ಬರುತ್ತಾಳೆ, ಅವಳ ಕೈಯಲ್ಲಿ ವಾಕಡದ ನಿನ್ನ ರೂಮಿಗೆ ಕಳಿಸುತ್ತೇನೆ.

ಹಿಮಾಲಯದ ಆ ಸ್ಪಿತಿಗೆ ನಿನ್ನ ಡಿಜಿಟಲ್ ಕ್ಯಾಮೆರಾ ಒಯ್ಯಲೋ, ಅಪ್ಪನ ರೀಲಿನ ಕ್ಯಾಮೆರಾ ಒಯ್ಯಲೋ ಎಂದು ಕೇಳಿದ್ದೆಯಲ್ಲ. ಸ್ಟುಡಿಯೋ ನಡೆಸಿದವರು ಅವರಾದರೂ, ಲಗ್ನದ ಮನೆಗಳಲ್ಲಿ ಕೈ ಸೋಲುವವರೆಗೆ ಲೈಟು ಹಿಡಿದು ನಿಂತವಳು ನಾನು. ಆ ಅಧಿಕಾರದಿಂದಲೇ ಹೇಳುತ್ತೇನೆ, ರೀಲಿನದ್ದೇ ಒಯ್ಯಿ. ಅಲ್ಲಿಯ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದಂತೆ. ಚಾರ್ಜ್ ಮಾಡಲು ಕರೆಂಟ್ ಇರುತ್ತದೋ ಇಲ್ಲವೋ. ಇದಕ್ಕೆ ಆ ಗೊಡವೆಯೇ ಇಲ್ಲ. ಅಲ್ಲದೆ ಒಂದು ರೀಲಿಗೆ ಮೂವತ್ತಾರೇ ಫೋಟೋ ಎಂದು ಗೊತ್ತಿದ್ದರೆ ನೀನು ಘಾಟಿನ ತಿರುವು ತಿರುವಿಗೂ ಗಾಡಿ ನಿಲ್ಲಿಸುವುದಿಲ್ಲ.

ಇಷ್ಟು ಕ್ಯಾಮೆರಾದ ಮಾತು. ಇನ್ನು ನಿಜ ಹೇಳುತ್ತೇನೆ.

“ಇಬ್ಬರು ಹುಡುಗ್ಯಾರು, ಗಾಡಿ ಮ್ಯಾಲ ಅಷ್ಟು ದೂರ? ಹೋಗೋದಾದ್ರ ನನ್ನ ಜೋಡಿ ಮಾತಾಡಬ್ಯಾಡ” ಎಂದು ನಿಮ್ಮಪ್ಪ ಸಿಟ್ಟಿನಲ್ಲಿ ಅಂದರು. ನೀನೂ ಅವರ ಮಗಳೇ. ಯುಗಾದಿಯಿಂದ ಇಬ್ಬರ ನಡುವೆ ಒಂದು ಮಾತಿಲ್ಲ, ನಾನು ಹೈರಾಣಾಗಿ ಹೋಗಿದ್ದೇನೆ. ನೀನು ಆ ಗುಡ್ಡದ ಹಾದಿಗೆ ಹೀಗೆ ಮುನಿಸಿಕೊಂಡೇ ಹೋಗುವುದನ್ನು ನೆನೆದರೆ ಊಟ ಸೇರುತ್ತಿಲ್ಲ. ಅದಕ್ಕೇ ರೀಲು. ಅದನ್ನು ತೊಳೆಸಲು ನೀನು ಅವರ ಹತ್ತಿರ ಬರಲೇಬೇಕು. ಬಚ್ಚಲಮನೆಯ ಕಿಟಕಿಗೆ ಕರಿ ಬಟ್ಟೆ ಕಟ್ಟಿ ಇಬ್ಬರೂ ಕತ್ತಲಲ್ಲಿ ನಿಂತರೆ ಎಷ್ಟು ಹೊತ್ತು ಬಾಯಿ ಬಿಗಿದುಕೊಂಡಿರುತ್ತೀರಿ, ನಾನೂ ನೋಡುತ್ತೇನೆ. “ಡಿಜಿಟಲ್ ಫೋಟೋ ಅಂದ್ರ ಫೋಟೋನೇ ಅಲ್ಲ” ಎನ್ನುವ ಮನುಷ್ಯ, ಮಗಳು ರೀಲು ಹಿಡಿದು ಬಾಗಿಲಿಗೆ ಬಂದರೆ ಒಲ್ಲೆ ಅನ್ನುತ್ತಾರೆಯೇ?

ಅವರಿಗೆ ಇದರ ಸುಳಿವು ಕೊಡಬೇಡ. ಶೇಂಗಾ ಹೋಳಿಗೆ ಕಟ್ಟಿದ್ದೇನೆ, ಶರ್ವರಿಗೂ ಕೊಡು. ಗಾಡಿ ಸಾವಕಾಶ ಹೊಡಿ, ನನ್ನ ಬಂಗಾರ.

ದಿನಾ ನಿನ್ನನ್ನೇ ನೆನೆಯುವ,
ಅವ್ವ

ತಾ.ಕ.: ನೀರೂ, ಇದನ್ನು ಬರೆಯುತ್ತಿರುವವನು ಅಪ್ಪ. ನಿಮ್ಮವ್ವ ಕ್ಯಾಮೆರಾ ಸರಿಯಾಗಿ ಇಟ್ಟಿದ್ದಾಳೋ ಇಲ್ಲವೋ ಎಂದು ಬ್ಯಾಗು ಬಿಚ್ಚಿದೆ. ಪತ್ರ ಸಿಕ್ಕಿತು, ಓದಿದೆ. ಅವಳ ಮಾತು ಕೇಳಬೇಡ. ನನ್ನ ಕ್ಯಾಮೆರಾ ಹೊರಗೆ ತೆಗೆದಿಟ್ಟಿದ್ದೇನೆ, ನೀನು ಡಿಜಿಟಲ್ಲೇ ಒಯ್ಯಿ. ರಾತ್ರಿ ಬ್ಯಾಟರಿಯನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗು. ಸಿಗ್ನಲ್ ಸಿಕ್ಕಲ್ಲೆಲ್ಲ ನನಗೊಂದು ಫೋಟೋ ಕಳಿಸು, ನಿನ್ನ ಮುಖ ಕಾಣುವಂಥದ್ದು. ರೀಲಾದರೆ ನೀನು ತಿರುಗಿ ಬರುವವರೆಗೆ ಕಾಯಬೇಕು. ಅದು ನನ್ನ ಕೈಲಿ ಆಗುವುದಿಲ್ಲ.