ವೆಲ್ಬಿ ಸಾಹೇಬರ ಕೊನೆಯ ಪಾತ್ರ

ಡೊಂಬಿವಲಿ ಪೂರ್ವ
20 ಅಕ್ಟೋಬರ್ 1996

ಸೌಭಾಗ್ಯವತಿ ರತ್ನಾವತಿಗೆ ನಿನ್ನ ಅಕ್ಕನ ಆಶೀರ್ವಾದ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಾಗಲಿಲ್ಲ, ಬೇಸರ ಮಾಡಿಕೊಳ್ಳಬೇಡ. ನನ್ನ ಮಗ ಹೃಷೀಕೇಶ ಹೋದಮೇಲೆ ಪೆನ್ನು ಹಿಡಿದರೆ ಏನೂ ತೋಚುವುದಿಲ್ಲ. ನಿನ್ನ ಭಾವ ಮತ್ತೆ ಹೊಟೇಲಿಗೆ ಹೋಗುತ್ತಿದ್ದಾರೆ. ಲೋಕಲ್ ಟ್ರೇನಿನಿಂದ ಬಿದ್ದ ಕಾಲೇಜು ಹುಡುಗನ ತಂದೆ ಇವರೇ ಎಂದು ಗಿರಾಕಿಗಳು ಪಿಸುಗುಟ್ಟುತ್ತಾರಂತೆ. ಇವರು ಕೇಳಿಸದವರ ಹಾಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಾರೆ.

ಪಕ್ಕದ ಮನೆಯ ವೆಲ್ಬಿ ಸಾಹೇಬರ ನೆನಪಿದೆಯಲ್ಲ? ಇಂಗ್ಲೆಂಡಿನವರಿಗೆ ಡೊಂಬಿವಲಿಯಲ್ಲೇನು ಕೆಲಸ ಎಂದು ನೀನು ನಕ್ಕಿದ್ದೆ. ಪ್ರಾಯದಲ್ಲಿ ಅವರು ತಮ್ಮ ದೇಶದ ಸಣ್ಣ ಊರುಗಳಲ್ಲಿ ವಾರಕ್ಕೊಂದು ಹೊಸ ನಾಟಕ ಆಡುತ್ತಿದ್ದರಂತೆ. ನಾಟಕ ಕಂಪನಿಯ ಜೊತೆ ಮುಂಬಯಿಗೆ ಬಂದವರು ಇಲ್ಲೇ ಉಳಿದರು. ಹಿಂದಿ ಸಿನಿಮಾಗಳಲ್ಲಿ ಕಲೆಕ್ಟರ್, ಪಾದ್ರಿ, ಜೈಲರ್. ಒಂದೆರಡು ದೃಶ್ಯ, ಅಷ್ಟೇ. ಆದರೆ ಪ್ರತಿ ಪಾತ್ರಕ್ಕೂ ಯಾರಾದರೊಬ್ಬರ ನಡಿಗೆ, ಇನ್ಯಾರದೋ ಕೆಮ್ಮು ಎತ್ತಿಕೊಳ್ಳುತ್ತಿದ್ದರು. "ನನ್ನದು ಅಂತ ಮುಖವೇ ಇಲ್ಲ, ಬೆಹೆನ್‌ಜಿ" ಎನ್ನುತ್ತಿದ್ದರು ಅವರ ಹಿಂದಿಯಲ್ಲಿ. ಹೃಷಿಗೆ ಅವರೆಂದರೆ ಪ್ರಾಣ. ಇಬ್ಬರೂ ಮನೆ ಮುಂದಿನ ಗ್ಯಾಲರಿಯಲ್ಲಿ ಕೂತು ಇಡೀ ಬಿಲ್ಡಿಂಗಿನವರ ನಕಲು ಮಾಡುತ್ತಿದ್ದರು.

ಗಣಪತಿ ವಿಸರ್ಜನೆಯ ಮರುದಿನ ಮಧ್ಯಾಹ್ನ ಅವರ ಬಾಗಿಲು ತಟ್ಟಿದೆ. "ನನ್ನ ಮಗನನ್ನು ಒಮ್ಮೆ ಮಾಡಿ ತೋರಿಸಿ" ಎಂದೆ.

ಸಾಹೇಬರು ಬಿಳಚಿಕೊಂಡರು. "ನಹೀ, ಬೆಹೆನ್‌ಜಿ. ತೀರಿಹೋದವರನ್ನು ನಾನು ಮಾಡುವುದಿಲ್ಲ."

ನಾನು ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ಕೊನೆಗೆ ಅವರು, "ನಿಮ್ಮ ಮನೆಗೆ ಹೋಗಿ ಬಾಗಿಲಿಗೆ ಬೆನ್ನು ಹಾಕಿ ಕೂರಿ. ತಿರುಗಬಾರದು" ಎಂದರು.

ನಮ್ಮ ಅಡುಗೆಮನೆಗೆ ಬಂದು ಕೂತೆ. ಹೊರಗೆ ಚಪ್ಪಲಿ ಎಳೆದು ನಡೆಯುವ ಸದ್ದು. ಬಾಗಿಲಲ್ಲಿ ಸಣ್ಣಗೆ ಗಂಟಲು ಸರಿಮಾಡಿಕೊಂಡದ್ದು. ಆಮೇಲೆ, "ಅಮ್ಮಾ, ಚಾ ಉಂಟಾ?"

ರತ್ನಾ, ಅದು ಎಪ್ಪತ್ತು ದಾಟಿದ ಮುದುಕರ ಗಂಟಲಲ್ಲ. ನನ್ನ ಕೈ ತನ್ನಷ್ಟಕ್ಕೆ ಸ್ಟವ್ ಹಚ್ಚಿತು. "ಉಂಟು ಮಗ, ಕೈಕಾಲು ತೊಳೆದು ಬಾ" ಎಂದೆ.

"ಇವತ್ತು ಟ್ರೇನಲ್ಲಿ ಗರ್ದಿ ಅಂದ್ರೆ ಗರ್ದಿ, ಅಮ್ಮ. ಒಳಗೆ ಹೋಗ್ಲಿಕ್ಕೇ ಆಗ್ಲಿಲ್ಲ."

ನಾನು ತಿರುಗಿದೆ. ಸಾಹೇಬರು ಗೋಡೆ ಹಿಡಿದು ನಿಂತಿದ್ದರು, ಮುಖವೆಲ್ಲ ಬೆವರು. "ಕೊನೆಗೆ ನಾನು ಏನಂದೆ?" ಎಂದು ನನ್ನನ್ನೇ ಕೇಳಿದರು. ಅವರಿಗೆ ಅಷ್ಟು ಕನ್ನಡ ಬರುತ್ತಿರಲಿಲ್ಲ.

ಅದರ ಮುಂದಿನ ವಾರ ಸಾಹೇಬರಿಗೆ ಥಾಣೆ ಊರಲ್ಲಿ ಶೂಟಿಂಗ್, ಜಡ್ಜನ ಪಾತ್ರ. ತೀರ್ಪು ಓದಲು ಬಾಯಿ ತೆರೆದರೆ ಹುಡುಗನ ಧ್ವನಿ ಬಂತಂತೆ. ಶಾಟ್ ಮತ್ತೆ ತೆಗೆದರು, ಮತ್ತೆ ಅದೇ. ಡೈರೆಕ್ಟರ್ ಮನೆಗೆ ಕಳಿಸಿದರು. ಬೇರೆಯವರು ಕರೆದಾಗ ಸಾಹೇಬರೇ ಹೋಗಲಿಲ್ಲ. ಮೊನ್ನೆ ಮನೆ ಖಾಲಿ ಮಾಡಿ ಇಂಗ್ಲೆಂಡಿಗೆ, ತಂಗಿಯ ಮನೆಗೆ ಹೊರಟುಹೋದರು. ರಿಕ್ಷಾ ಹತ್ತುವಾಗ ನನಗೆ ಕೈಮುಗಿದರು. ತುಟಿ ಬಿಗಿಯಾಗಿ ಮುಚ್ಚಿಕೊಂಡಿದ್ದರು.

ನಿನ್ನ ಯಜಮಾನರಾದ ಲೀಲಾಧರರಿಗೆ ನಮ್ಮ ನಮಸ್ಕಾರ ತಿಳಿಸು. ನಿನ್ನ ಮಕ್ಕಳ ತಲೆಯನ್ನು ನನ್ನ ಪರವಾಗಿ ಸವರು. ಅವರ ಗಲಾಟೆ ನಿನ್ನ ಮನೆಯಲ್ಲಿ ನೂರು ಕಾಲ ಇರಲಿ.

ನಿನ್ನ ಅಕ್ಕ,
ಜಯಲತಾ

ತಾ.ಕ.: ಇದು ನಿನ್ನ ಭಾವನಿಗೆ ಗೊತ್ತಾಗಬಾರದು. ಹೃಷಿ ಮಾತಾಡಿದ್ದನ್ನು ನೆನೆಸಿಕೊಳ್ಳಲು ಹೋದರೆ, ಈಗ ಸಾಹೇಬರ ಬಾಯಿಂದ ಬಂದದ್ದೊಂದೇ ಕೇಳಿಸುತ್ತದೆ. ಇಪ್ಪತ್ತು ವರ್ಷ ಕೇಳಿದ ನನ್ನ ಮಗನ ಧ್ವನಿ ಹೇಗಿತ್ತೆಂದು ನನಗೆ ಮರೆತುಹೋಗಿದೆ. ನಿನಗೆ ನೆನಪಿದ್ದರೆ ಬರೆ.